ಲೆಕ್ಕಕ್ಕುಂಟು, ಆಟಕ್ಕಿಲ್ಲ: 2016ರ ರಿಪಬ್ಲಿಕನ್ ಕಣದ ದುರ್ಬಲರು

2016ರ ಫೆಬ್ರವರಿ 1ರಂದು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಆರಿಸಲು ಅಯೋವಾ ರಾಜ್ಯದಲ್ಲಿ ನಡೆದ ಕಾಕಸ್‌ನಲ್ಲಿ (ಪಕ್ಷದ ಬೆಂಬಲಿಗರು ಸಭೆ ಸೇರಿ ಮತ ಹಾಕುವ ಪದ್ಧತಿ) ಸುಮಾರು 1,87,000 ಜನ ಮತ ಹಾಕಿದರು. ವರ್ಜೀನಿಯಾದ ಮಾಜಿ ಗವರ್ನರ್ ಜಿಮ್ ಗಿಲ್ಮೋರ್ ಅವರಿಗೆ ಸಿಕ್ಕಿದ್ದು ಇಡೀ ರಾಜ್ಯದಲ್ಲಿ 12 ಮತ. ಆ ವರ್ಷ ಕಣದಲ್ಲಿದ್ದ 17 ಪ್ರಮುಖರಲ್ಲಿ ಅತಿ ದುರ್ಬಲರು ಯಾರೆಂದು ಕೇಳಿದರೆ ಹೆಚ್ಚಿನವರು ಈ ಹೆಸರು ಹೇಳಿ ಮುಗಿಸಿಬಿಡುತ್ತಾರೆ. ಗಿಲ್ಮೋರ್ ಬಳಿ ಹಣವಿರಲಿಲ್ಲ, ಸಿಬ್ಬಂದಿ ಇರಲಿಲ್ಲ. 2008ರ ಸೆನೆಟ್ ಚುನಾವಣೆಯಲ್ಲಿ ಸ್ವಂತ ರಾಜ್ಯದಲ್ಲೇ ಸುಮಾರು 31 ಶೇಕಡಾ ಅಂಶಗಳ ಅಂತರದಿಂದ ಸೋತವರು ಅವರು. ಏನೂ ಹೂಡದವರಿಗೆ ಏನೂ ಬರಲಿಲ್ಲ. ಕೈತುಂಬ ಇಟ್ಟುಕೊಂಡು ಬಂದು ಬರಿಗೈಯಲ್ಲಿ ಹೋದವರ ಲೆಕ್ಕ ತೆಗೆದಾಗ ಮಾತ್ರ ವಿಷಯ ರಂಗೇರುತ್ತದೆ.

ಅದಕ್ಕೆ ಮುಂಚೆ ನಮ್ಮ ಒಂದು ಅಭ್ಯಾಸ ಬಿಡಬೇಕು. ಭಾರತದಲ್ಲಿ ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗ ಸಿಗದಿದ್ದರೆ ಠೇವಣಿ ಹೋಗುತ್ತದೆ, ಅಲ್ಲಿಗೆ ಅಭ್ಯರ್ಥಿಯ ಮಾನವೂ ಹೋಯಿತೆಂದು ನಾವು ತೀರ್ಮಾನಿಸುತ್ತೇವೆ. ಇದೇ ಅಳತೆಗೋಲನ್ನು ಫೆಬ್ರವರಿ 9ರ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪ್ರೈಮರಿಗೆ, ಅಂದರೆ ಮತಗಟ್ಟೆಯಲ್ಲಿ ನಡೆಯುವ ಪಕ್ಷದೊಳಗಿನ ಚುನಾವಣೆಗೆ, ಹಿಡಿದರೆ ಶೇ. 35.3 ಪಡೆದ ಡೊನಾಲ್ಡ್ ಟ್ರಂಪ್ ಒಬ್ಬರನ್ನು ಬಿಟ್ಟು ಎಲ್ಲರ ಠೇವಣಿಯೂ ಹೋಗುತ್ತಿತ್ತು. ಶೇ. 15.8 ಪಡೆದು ಎರಡನೆಯವರಾಗಿ, ಗೆದ್ದಷ್ಟೇ ಸಂಭ್ರಮಪಟ್ಟ, ಆಗಿನ ಒಹಾಯೊ ಗವರ್ನರ್ ಜಾನ್ ಕೇಸಿಕ್ ಅವರದ್ದೂ ಸೇರಿ! ಜನ ಗಿಜಿಗುಡುವ ಕಣದಲ್ಲಿ ಶೇಕಡಾವಾರು ಅಂಕಿಯೊಂದೇ ಹೆಚ್ಚೇನೂ ಹೇಳುವುದಿಲ್ಲ.

ಸಮೀಕ್ಷೆಯ ಅಂಕಿಗಳನ್ನು ಓದುವಾಗಲಂತೂ ಇನ್ನೂ ಎಚ್ಚರ ಬೇಕು. 2015ರ ಆಗಸ್ಟ್ 6ರಂದು ಅಭ್ಯರ್ಥಿಗಳ ಮೊದಲ ಟಿ.ವಿ. ಚರ್ಚೆಗೆ ಫಾಕ್ಸ್ ನ್ಯೂಸ್ ವಾಹಿನಿ ಐದು ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿ ತೆಗೆದು ಮೊದಲ ಹತ್ತು ಮಂದಿಯನ್ನು ರಾತ್ರಿಯ ಮುಖ್ಯ ವೇದಿಕೆಗೆ ಕರೆಯಿತು. ಉಳಿದ ಏಳು ಮಂದಿಗೆ ಸಂಜೆ ಐದು ಗಂಟೆಯ ಬೇರೆ ಪಂಕ್ತಿ. 400 ಜನರ ಸಮೀಕ್ಷೆಗೆ ‘ದೋಷದ ಮಿತಿ ಐದು ಅಂಶ’ ಎಂದು ಬರೆದಿರುತ್ತಾರಲ್ಲ, ಅದು ಶೇ. 50ರ ಆಸುಪಾಸಿನ ಅಂಕಿಗೆ ಅನ್ವಯಿಸುವ ಮಾತು. ಶೇ. 2 ಇರುವವರಿಗೆ ಆ ಮಿತಿ ಸುಮಾರು 1.4 ಅಂಶ. ಅಷ್ಟೇ ದೊಡ್ಡ ಐದು ಸಮೀಕ್ಷೆಗಳನ್ನು ಒಟ್ಟಿಗೆ ಹಾಕಿದರೆ 0.6ಕ್ಕೆ ಇಳಿಯುತ್ತದೆ. ಹೀಗಾಗಿ ಹತ್ತನೆಯವರಾದ ಕೇಸಿಕ್‌ಗೂ ಹನ್ನೊಂದನೆಯವರಾದ ಟೆಕ್ಸಾಸ್‌ನ ರಿಕ್ ಪೆರಿಗೂ ನಡುವಿನ ಒಂದೂ ಚಿಲ್ಲರೆ ಅಂಶದ ಅಂತರಕ್ಕೆ ಅರ್ಥವಿತ್ತು. ಪೆರಿಗಿಂತ ಕೆಳಗೆ, ಅರ್ಧ ಅಂಶ ಆಚೀಚೆ ಇದ್ದವರಲ್ಲಿ ಯಾರು ಮುಂದೆ ಯಾರು ಹಿಂದೆ ಎಂದು ವಿಂಗಡಿಸುವುದು ಜೊಳ್ಳು ತೂಗಿದಂತೆ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಮಾಜಿ ಮುಖ್ಯಸ್ಥೆ ಕಾರ್ಲಿ ಫಿಯೊರಿನಾ ಆ ಸಂಜೆ ಪಂಕ್ತಿಯಲ್ಲೇ ಮಿಂಚಿ ಸೆಪ್ಟೆಂಬರ್ 16ರ ಚರ್ಚೆಗೆ ಮುಖ್ಯ ವೇದಿಕೆ ಏರಿದರು. ಅಯೋವಾದಲ್ಲಿ ಸಿಕ್ಕಿದ್ದು ಮಾತ್ರ ಶೇ. 1.9. ಟಿ.ವಿ.ಯಲ್ಲಿ ಬಂದ ಬೆಲೆ ಟಿ.ವಿ.ಯಲ್ಲೇ ಉಳಿಯಿತು.

ಹಾಗಾದರೆ ಏನನ್ನು ನೋಡಬೇಕು? ಮೊದಲು ಹಣ. ಎಷ್ಟಿದೆ ಎಂಬುದಕ್ಕಿಂತ ಯಾವ ಡಬ್ಬಿಯಲ್ಲಿದೆ ಎಂಬುದು. 2016ರಲ್ಲಿ ಒಬ್ಬ ವ್ಯಕ್ತಿ ಅಭ್ಯರ್ಥಿಯ ಪ್ರಚಾರ ಸಮಿತಿಗೆ ಪ್ರೈಮರಿ ಹಂತದಲ್ಲಿ ಕೊಡಬಹುದಾಗಿದ್ದದ್ದು ಗರಿಷ್ಠ 2,700 ಡಾಲರ್. ಸೂಪರ್ ಪ್ಯಾಕ್‌ಗೆ (ಅಭ್ಯರ್ಥಿಯ ಪರ ಪ್ರತ್ಯೇಕವಾಗಿ ಖರ್ಚು ಮಾಡುವ ಸಂಸ್ಥೆ) ಕೊಡಲು ಮಿತಿಯೇ ಇರಲಿಲ್ಲ, ಆದರೆ ಅದು ಅಭ್ಯರ್ಥಿಯೊಂದಿಗೆ ಕೂಡಿ ಯೋಜನೆ ಹಾಕುವಂತಿರಲಿಲ್ಲ. ನೌಕರರ ಸಂಬಳ, ಕಚೇರಿ ಬಾಡಿಗೆ, ವಿಮಾನದ ಟಿಕೆಟ್, ರಾಜ್ಯಗಳ ನಾಮಪತ್ರ ಶುಲ್ಕ ಎಲ್ಲ ಮೊದಲನೇ ಡಬ್ಬಿಯಿಂದಲೇ ಬರಬೇಕು. ಜಾಹೀರಾತಿನಲ್ಲೂ ಒಂದು ಒಳಸುಳಿಯಿದೆ. ಪ್ರೈಮರಿಗೆ ಮುಂಚಿನ 45 ದಿನಗಳಲ್ಲಿ ಟಿ.ವಿ. ಕೇಂದ್ರಗಳು ಅಭ್ಯರ್ಥಿಯ ಸಮಿತಿಗೆ ತಮ್ಮ ಅತಿ ಕಡಿಮೆ ದರದಲ್ಲಿ ಸಮಯ ಕೊಡಬೇಕೆಂಬ ಕಾನೂನಿದೆ. ಸೂಪರ್ ಪ್ಯಾಕ್‌ಗೆ ಆ ರಿಯಾಯಿತಿ ಇಲ್ಲ, ಅದು ಮಾರುಕಟ್ಟೆ ಹೇಳಿದ ದರ ತೆರಬೇಕು. ಹೀಗಾಗಿ ಅದರ ಡಬ್ಬಿಯ ಒಂದು ಡಾಲರ್‌ಗೆ ಸಮಿತಿಯ ಡಬ್ಬಿಯ ಡಾಲರ್‌ನಷ್ಟು ಬೆಲೆಯಿಲ್ಲ.

ಪೆರಿ ಮುಗ್ಗರಿಸಿದ್ದು ಇಲ್ಲೇ. ಅವರ ಪರವಾದ ಸೂಪರ್ ಪ್ಯಾಕ್‌ಗಳಲ್ಲಿ ಕೋಟಿಗಟ್ಟಲೆ ಡಾಲರ್ ಇತ್ತು, ಸಮಿತಿಯಲ್ಲಿ ಮಾತ್ರ ಆಗಸ್ಟ್ ಹೊತ್ತಿಗೆ ಸಂಬಳಕ್ಕೂ ತತ್ವಾರ. ಸೆಪ್ಟೆಂಬರ್ 11ಕ್ಕೆ ಕಣ ಬಿಟ್ಟರು. ಹತ್ತು ದಿನ ಕಳೆದು ವಿಸ್ಕಾನ್ಸಿನ್ ಗವರ್ನರ್ ಸ್ಕಾಟ್ ವಾಕರ್ ಅವರದೂ ಅದೇ ಗತಿ. ಜುಲೈ 13ರಂದು ಸ್ಪರ್ಧೆ ಘೋಷಿಸಿದಾಗ ಅಯೋವಾದ ಸಮೀಕ್ಷೆಗಳಲ್ಲಿ ಅವರೇ ಮುಂದು. ಆ ಬೇಸಿಗೆಯ ಬಿಸಿಯನ್ನು ನಂಬಿ ಸುಮಾರು 90 ಜನರ ಸಂಬಳದ ಪಟ್ಟಿ ಮಾಡಿಕೊಂಡರು. ಎರಡು ಚರ್ಚೆಗಳಲ್ಲಿ ಮಂಕಾದದ್ದೇ ತಡ, ಸಣ್ಣ ದೇಣಿಗೆಗಳು ಬತ್ತಿದವು, ಸಂಬಳದ ದಿನ ಮಾತ್ರ ಕಾಯಲಿಲ್ಲ. ಸೆಪ್ಟೆಂಬರ್‌ನ ಸಿಎನ್‌ಎನ್ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅವರಿಗೆ ಅರ್ಧ ಶೇಕಡವೂ ಬರಲಿಲ್ಲ. 70 ದಿನಗಳಲ್ಲಿ ಅಂಗಡಿ ಮುಚ್ಚಿತು. ಹಾಗೆಂದು ಹಣ ಖಾಲಿಯಾದವರೆಲ್ಲ ದುರ್ಬಲರೆಂದೂ ಹೇಳಲಾಗದು. 2007ರ ಬೇಸಿಗೆಯಲ್ಲಿ, 2008ರ ಚುನಾವಣೆಗೆ ಪಕ್ಷದ ಅಭ್ಯರ್ಥಿಯಾಗಲು ಹೊರಟಿದ್ದ ಜಾನ್ ಮೆಕೇನ್ ಅವರ ಬೊಕ್ಕಸವೂ ಬರಿದಾಗಿತ್ತು. ಅವರು ಸಿಬ್ಬಂದಿಯನ್ನು ಕಡಿದು ಚಿಕ್ಕದಾದರು, ನ್ಯೂ ಹ್ಯಾಂಪ್‌ಷೈರ್‌ನಲ್ಲೇ ಕೂತರು, 2008ರ ಜನವರಿಯಲ್ಲಿ ಅಲ್ಲಿ ಗೆದ್ದರು. ಖರ್ಚಿನ ಗಾತ್ರ ಕುಗ್ಗಿಸಲಾಗದ ಪ್ರಚಾರವೇ ದುರ್ಬಲ ಪ್ರಚಾರ.

ಎರಡನೆಯದು ಪ್ರತಿನಿಧಿಗಳ ಲೆಕ್ಕ. ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಅಂತಿಮವಾಗಿ ಆರಿಸುವವರು ಇವರೇ. ಗೆಲ್ಲಲು ಒಟ್ಟು 2,472 ಪ್ರತಿನಿಧಿಗಳಲ್ಲಿ 1,237 ಬೇಕಿತ್ತು. ಇವರು ಹಂಚಿಕೆಯಾಗುವ ನಿಯಮ ರಾಜ್ಯ ರಾಜ್ಯಕ್ಕೂ ಬೇರೆ. ಅಯೋವಾದಲ್ಲಿ ಕನಿಷ್ಠ ಮಿತಿ ಇರಲಿಲ್ಲವಾದ್ದರಿಂದ ಶೇ. 1.8 ಪಡೆದ ಅರ್ಕಾನ್ಸಾಸ್‌ನ ಮಾಜಿ ಗವರ್ನರ್ ಮೈಕ್ ಹಕಬಿಗೂ ಒಬ್ಬ ಪ್ರತಿನಿಧಿ ದಕ್ಕಿದ. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇ. 10ರ ಹೊಸ್ತಿಲು. ಅದನ್ನು ಶೇ. 10.6ರಲ್ಲಿ ದಾಟಿದ ಆಗಿನ ಫ್ಲೋರಿಡಾ ಸೆನೆಟರ್ ಮಾರ್ಕೊ ರುಬಿಯೊಗೆ ಇಬ್ಬರು, ಶೇ. 7.4 ಪಡೆದ ಆಗಿನ ನ್ಯೂಜೆರ್ಸಿ ಗವರ್ನರ್ ಕ್ರಿಸ್ ಕ್ರಿಸ್ಟಿಗೆ ಸೊನ್ನೆ. ಕ್ರಿಸ್ಟಿ ಎಲ್ಲವನ್ನೂ ಆ ಒಂದೇ ರಾಜ್ಯದ ಮೇಲೆ ಪಣವಿಟ್ಟಿದ್ದರು. ಮತದಾನಕ್ಕೆ ಮೂರು ದಿನ ಮುಂಚಿನ ಚರ್ಚೆಯಲ್ಲಿ ರುಬಿಯೊ ಒಂದೇ ವಾಕ್ಯವನ್ನು ಗಿಳಿಪಾಠದಂತೆ ಒಪ್ಪಿಸುತ್ತಿರುವುದನ್ನು ಎತ್ತಿ ತೋರಿಸಿ ಅವರನ್ನು ಬೀಳಿಸಿದ್ದೂ ಕ್ರಿಸ್ಟಿಯೇ. ಬಿದ್ದವರ ಮತ ಬೀಳಿಸಿದವರಿಗೆ ಬರಲಿಲ್ಲ.

ಇನ್ನು ಹಳೆಯ ಬಂಡವಾಳ. ಪೆನ್ಸಿಲ್ವೇನಿಯಾದ ಮಾಜಿ ಸೆನೆಟರ್ ರಿಕ್ ಸಾಂಟೋರಮ್ 2012ರಲ್ಲಿ ಅಯೋವಾವನ್ನು ಮಿಟ್ ರೋಮ್ನಿ ವಿರುದ್ಧ 34 ಮತಗಳಿಂದ ಗೆದ್ದು, ಒಟ್ಟು 11 ರಾಜ್ಯಗಳಲ್ಲಿ ಮೇಲುಗೈ ಸಾಧಿಸಿದ್ದವರು. ಹಕಬಿ 2008ರಲ್ಲಿ ಅಲ್ಲೇ ಶೇ. 34 ಮತಗಳೊಂದಿಗೆ ಗೆದ್ದವರು. 2016ರಲ್ಲಿ ಸಾಂಟೋರಮ್‌ಗೆ ಸಿಕ್ಕಿದ್ದು ಶೇ. 1. ಅವರಿಬ್ಬರ ಸುವಾರ್ತಾವಾದಿ ಕ್ರೈಸ್ತ ಮತದಾರರು ಎಲ್ಲೂ ಮಾಯವಾಗಿರಲಿಲ್ಲ. ಟೆಕ್ಸಾಸ್ ಸೆನೆಟರ್ ಟೆಡ್ ಕ್ರೂಜ್ ಚರ್ಚು ಚರ್ಚುಗಳಲ್ಲಿ ಸ್ವಯಂಸೇವಕರನ್ನು ಕಟ್ಟಿ ಆ ಮತದಾರರಲ್ಲಿ ಉಳಿದೆಲ್ಲರಿಗಿಂತ ದೊಡ್ಡ ಪಾಲನ್ನು ಒಯ್ದು ಶೇ. 27.6ರಲ್ಲಿ ಗೆದ್ದರು. ಹೋದ ಸಲದ ಬೆಳೆಯನ್ನು ನೆನೆದು ಈ ಸಲದ ಬಿತ್ತನೆ ಮರೆತರೆ ಆಗುವುದು ಇದೇ.

ಲೂಯಿಸಿಯಾನ ಗವರ್ನರ್ ಬಾಬಿ ಜಿಂದಾಲ್ ಅವರ ಬಗ್ಗೆ ಭಾರತದಲ್ಲಿ ಕುತೂಹಲವಿತ್ತು, ತಂದೆತಾಯಿ ಪಂಜಾಬಿನವರೆಂಬ ಕಾರಣಕ್ಕೆ. ಚುನಾವಣೆಯ ಲೆಕ್ಕದಲ್ಲಿ ಅದಕ್ಕೆ ತೂಕವಿರಲಿಲ್ಲ, ಏಕೆಂದರೆ ಅಲ್ಲಿನ ಭಾರತೀಯ ಮೂಲದವರಲ್ಲಿ ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷದ ಕಡೆಯವರು. ಅದರ ಮೇಲೆ, ಕಣಕ್ಕಿಳಿದ ದಿನವೇ ಜಿಂದಾಲ್ ಅಮೆರಿಕನ್ನರನ್ನು ಮೂಲದ ಹೆಸರು ಜೋಡಿಸಿ (ಭಾರತೀಯ-ಅಮೆರಿಕನ್ ಎಂಬಂತೆ) ಕರೆಯುವ ಮಾತು ತಮಗೆ ಸಾಕಾಗಿದೆ ಎಂದರು. ತವರಿನಲ್ಲಿ ಆಯವ್ಯಯದ ಕೊರತೆಯಿಂದ ಜನಪ್ರಿಯತೆ ನೆಲಕಚ್ಚಿತ್ತು. ನವೆಂಬರ್ 17ಕ್ಕೆ ನಿರ್ಗಮನ. ತವರಿನ ಪರೀಕ್ಷೆಯಲ್ಲಿ ದಕ್ಷಿಣ ಕೆರೊಲಿನಾದ ಸೆನೆಟರ್ ಲಿಂಡ್ಸಿ ಗ್ರಹಾಮ್ ಇನ್ನೂ ಜಾಣರು. ಸ್ವಂತ ರಾಜ್ಯದಲ್ಲಿ ಹೀನಾಯವಾಗಿ ಸೋಲುವ ಬದಲು ಡಿಸೆಂಬರ್ 21ಕ್ಕೇ ಹಿಂದೆ ಸರಿದರು. ನ್ಯೂಯಾರ್ಕ್‌ನ ಮಾಜಿ ಗವರ್ನರ್ ಜಾರ್ಜ್ ಪಟಾಕಿ ಗರ್ಭಪಾತದ ಹಕ್ಕಿನ ಪರವಿದ್ದವರು. ಆ ನಿಲುವಿನೊಂದಿಗೆ ಅಯೋವಾದಲ್ಲಿ ದಾರಿಯೇ ಇರಲಿಲ್ಲ, ಬೇರೆಲ್ಲೂ ಅವರು ದಾರಿ ತೋರಿಸಲಿಲ್ಲ.

ಅತಿ ದೊಡ್ಡ ಗಂಟು ಹೊತ್ತು ಬಂದವರು ಫ್ಲೋರಿಡಾದ ಮಾಜಿ ಗವರ್ನರ್ ಜೆಬ್ ಬುಷ್. ಅವರ ಸೂಪರ್ ಪ್ಯಾಕ್ 2015ರ ಮೊದಲ ಆರು ತಿಂಗಳಲ್ಲೇ ಹತ್ತು ಕೋಟಿ ಡಾಲರ್ ಮೀರಿ ಕೂಡಿಸಿತ್ತು. ಬೇರೆಯವರನ್ನು ಹೆದರಿಸಿ ಕಣಕ್ಕಿಳಿಯದಂತೆ ತಡೆಯುವುದು ಅದರ ಒಂದು ಉದ್ದೇಶ. ಯಾರೂ ಹೆದರಲಿಲ್ಲ. ಅಯೋವಾದಲ್ಲಿ ಶೇ. 2.8, ನ್ಯೂ ಹ್ಯಾಂಪ್‌ಷೈರ್‌ನಲ್ಲಿ 11, ಅಣ್ಣ ಜಾರ್ಜ್ ಬುಷ್ ಅವರನ್ನೇ ಕರೆಸಿ ಪ್ರಚಾರ ಮಾಡಿದ ದಕ್ಷಿಣ ಕೆರೊಲಿನಾದಲ್ಲಿ 7.8. ಫೆಬ್ರವರಿ 20ರ ರಾತ್ರಿ ಕಣ ಬಿಟ್ಟಾಗ ಕೈಲಿದ್ದದ್ದು ನಾಲ್ಕೇ ಪ್ರತಿನಿಧಿಗಳು.

ಹೂಡಿದ್ದಕ್ಕೂ ಬಂದದ್ದಕ್ಕೂ ತಾಳೆ ಹಾಕಿದರೆ ನನ್ನ ಪಟ್ಟಿಯ ತಳದಲ್ಲಿ ಮೊದಲು ಬುಷ್, ನಂತರ ವಾಕರ್, ಆಮೇಲೆ ಸಾಂಟೋರಮ್. ಗಿಲ್ಮೋರ್ ಮತ್ತು ಪಟಾಕಿ ಪಟ್ಟಿಗೇ ಬರುವುದಿಲ್ಲ, ಅವರು ಕಣದಲ್ಲಿದ್ದರೆಂಬುದಕ್ಕೆ ದಾಖಲೆಯಷ್ಟೇ ಸಾಕ್ಷಿ. ಕೇಸಿಕ್ ಅವರನ್ನು ಎಲ್ಲಿ ಕೂರಿಸುವುದೆಂಬುದೇ ಕಗ್ಗಂಟು. ಮಾರ್ಚ್ 15ರಂದು ತವರು ಒಹಾಯೊದ 66 ಪ್ರತಿನಿಧಿಗಳನ್ನು ಸಾರಾಸಗಟಾಗಿ ಗೆದ್ದರು, ಗೆದ್ದದ್ದು ಅದೊಂದೇ ರಾಜ್ಯ. ಅಷ್ಟರಲ್ಲೇ, ಮುಂದೆ ಉಳಿದ ಪ್ರತಿನಿಧಿಗಳನ್ನೆಲ್ಲ ಬಾಚಿಕೊಂಡರೂ 1,237 ಮುಟ್ಟಲಾಗದ ಸ್ಥಿತಿ ಬಂದಿತ್ತು. ಆದರೂ ಕ್ರೂಜ್ ಕೈಚೆಲ್ಲಿದ ಮರುದಿನ, ಮೇ 4ರವರೆಗೆ, ಕಣದಲ್ಲಿದ್ದರು.