ಮುಟ್ಟಿದವರು ಯಾರು ಎಂದು ಚರ್ಮ ಕೇಳುತ್ತದೆ

‘ಅರ್ಧ ನಿಮಿಷ ಕೈಯಾಡಿಸಿದರೆ ಮೈ ಸವೆದು ಹೋಗುತ್ತದೆಯೇ?’ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮೈಯೆಲ್ಲ ತಡವಿ ಶೋಧಿಸಿದ್ದು ಹಿಂಸೆಯಾಯಿತು ಎಂದು ಯಾರಾದರೂ ಹೇಳಿಕೊಂಡರೆ ಈ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: ‘ಬಚ್ಚಿಟ್ಟುಕೊಳ್ಳಲು ಏನೂ ಇಲ್ಲದವರಿಗೆ ಮುಜುಗರವೇಕೆ?’ ಎರಡೂ ಗಟ್ಟಿ ತರ್ಕದಂತೆ ಕೇಳಿಸುತ್ತವೆ. ಆದರೆ ಮೊದಲನೆಯದು ನರವ್ಯೂಹದ ಬಗೆಗಿನ ಅಜ್ಞಾನ, ಎರಡನೆಯದು ಮನಸ್ಸಿನ ಬಗೆಗಿನ ಅಜ್ಞಾನ. ನನಗೆ ಹೆಚ್ಚು ಸಿಟ್ಟು ತರಿಸುವುದು ಎರಡನೆಯದು. ಮೊದಲನೆಯದನ್ನು ಮುಗಿಸಿ ಅದಕ್ಕೆ ಬರುತ್ತೇನೆ.

ವೈದ್ಯರು ಹೊಟ್ಟೆ ಒತ್ತಿ ನೋಡುತ್ತಾರೆ, ದರ್ಜಿ ಎದೆಯ ಸುತ್ತಳತೆ ತೆಗೆದುಕೊಳ್ಳುತ್ತಾನೆ. ಆ ಕೈಗಳ ಒತ್ತಡ ತಪಾಸಣೆಯ ಕೈಯ ಒತ್ತಡಕ್ಕಿಂತ ಕಡಿಮೆಯೇನಲ್ಲ. ಹಾಗಾದರೆ ಸ್ಪರ್ಶ ಒಂದೇ, ಉಳಿದದ್ದೆಲ್ಲ ನಮ್ಮ ಕಲ್ಪನೆ ಎನ್ನಬಹುದೇ? 2012ರಲ್ಲಿ ವಲೇರಿಯಾ ಗಜ್ಜೋಲಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಟ್ಟಿದೆ. ಮಹಿಳೆಯರತ್ತ ಆಕರ್ಷಣೆ ಇರುವ ಪುರುಷರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಅವರ ಕಾಲನ್ನು ನೇವರಿಸಲಾಯಿತು. ನೇವರಿಸುತ್ತಿರುವುದು ಒಮ್ಮೆ ಮಹಿಳೆ, ಇನ್ನೊಮ್ಮೆ ಪುರುಷ ಎಂದು ಅವರ ಮುಂದಿದ್ದ ವಿಡಿಯೊ ತೋರಿಸುತ್ತಿತ್ತು. ವಾಸ್ತವದಲ್ಲಿ ಎಲ್ಲ ಸಲವೂ ನೇವರಿಸಿದ್ದು ಒಬ್ಬಳೇ ಮಹಿಳೆ, ಅದೂ ವಿಡಿಯೊದಲ್ಲಿ ಏನು ಓಡುತ್ತಿದೆ ಎಂಬುದು ಗೊತ್ತಿಲ್ಲದೆ. ಚರ್ಮದ ಮೇಲೆ ನಡೆದದ್ದು ಒಂದೇ. ಆದರೂ ಮಿದುಳಿನ ಪ್ರಾಥಮಿಕ ಸ್ಪರ್ಶ ಪ್ರದೇಶ ಎರಡಕ್ಕೂ ಬೇರೆ ಬೇರೆಯಾಗಿ ಪ್ರತಿಕ್ರಿಯಿಸಿತು.

ಇದರಲ್ಲಿ ಬೆರಗಿನ ಸಂಗತಿ ‘ಪ್ರಾಥಮಿಕ’ ಎನ್ನುವ ಭಾಗದ್ದು. ಎಲ್ಲಿ ಮುಟ್ಟಿದರು, ಎಷ್ಟು ಒತ್ತಿದರು ಎಂಬ ವರದಿಯನ್ನಷ್ಟೇ ಆ ಪ್ರದೇಶ ಒಪ್ಪಿಸುತ್ತದೆ, ಅದಕ್ಕೆ ಅರ್ಥ ಹಚ್ಚುವ ಕೆಲಸ ಆಮೇಲೆ ಬೇರೆ ಕಡೆ ನಡೆಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಮುಟ್ಟಿದವರು ಯಾರು ಎಂಬ ಪ್ರಶ್ನೆ ಅಷ್ಟು ಕೆಳಗಿನ ಮೆಟ್ಟಿಲಿಗೂ ಇಳಿದಿದೆ. ಮೊದಲು ನಿಷ್ಕಳಂಕ ಸ್ಪರ್ಶ, ಆಮೇಲೆ ಅದಕ್ಕೆ ಮುಜುಗರದ ಲೇಪ ಎಂಬ ಅನುಕ್ರಮ ನಮ್ಮ ತಲೆಯೊಳಗೆ ಇಲ್ಲ.

ಇನ್ನು ಚರ್ಮಕ್ಕೆ ಬರೋಣ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಮುಟ್ಟಿದ್ದನ್ನು ತಿಳಿಸುವ ನರತಂತುಗಳು ಒಂದೇ ಬಗೆಯವಲ್ಲ. ಕೊಬ್ಬಿನ ಹೊದಿಕೆ ಹೊತ್ತ ದಪ್ಪ ತಂತುಗಳು ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತವೆ. ಕತ್ತಲಲ್ಲಿ ಜೇಬಿಗೆ ಕೈಹಾಕಿ ಕೀಲಿಕೈಯನ್ನೂ ನಾಣ್ಯವನ್ನೂ ಬೇರ್ಪಡಿಸಿ ಗುರುತಿಸುವುದು ಇವುಗಳಿಂದ. ಇವುಗಳ ಪಕ್ಕದಲ್ಲೇ ಹೊದಿಕೆಯಿಲ್ಲದ ಸಪೂರ ತಂತುಗಳ ಒಂದು ವರ್ಗವಿದೆ: ಸಿ-ಸ್ಪರ್ಶ ತಂತುಗಳು. ಇವುಗಳ ವೇಗ ಸೆಕೆಂಡಿಗೆ ಸುಮಾರು 1 ಮೀಟರ್, ಅಷ್ಟೇ. ಮೊದಲನೆಯದು ತಂತಿ ಸಂದೇಶವಾದರೆ ಎರಡನೆಯದು ಅಂಚೆಯ ಪತ್ರ: ತಡವಾಗಿ ತಲುಪುತ್ತದೆ, ವಿಳಾಸವೂ ಸ್ಪಷ್ಟವಿರುವುದಿಲ್ಲ, ಆದರೆ ಭಾವ ತುಂಬಿರುವುದು ಅದರಲ್ಲೇ.

ಇಂಥ ತಂತುಗಳನ್ನು ಸ್ವೀಡನ್ನಿನ ಇಂಗ್ವೆ ಸೊಟೆರ್‌ಮನ್ 1939ರಲ್ಲೇ ಬೆಕ್ಕುಗಳಲ್ಲಿ ಗುರುತಿಸಿದ್ದರು. ಮನುಷ್ಯರಲ್ಲಿ ಇವು ವಿಕಾಸದ ಹಾದಿಯಲ್ಲಿ ಅಳಿದುಹೋಗಿರಬೇಕು ಎಂಬ ಊಹೆ ದಶಕಗಳ ಕಾಲ ಉಳಿಯಿತು. ಎಚ್ಚರವಿರುವ ವ್ಯಕ್ತಿಯ ನರಕ್ಕೆ ಕೂದಲಿಗಿಂತ ತೆಳುವಾದ ತುದಿಯ ಸೂಜಿ ಚುಚ್ಚಿ ಒಂದೊಂದೇ ತಂತುವಿನ ಮಿಡಿತವನ್ನು ದಾಖಲಿಸುವ ತಂತ್ರವನ್ನು 1960ರ ದಶಕದಲ್ಲಿ ಉಪ್ಸಾಲಾದಲ್ಲಿ ಕಾರ್ಲ್-ಎರಿಕ್ ಹಾಗ್‌ಬಾರ್ತ್ ಮತ್ತು ಓಕೆ ವಾಲ್ಬೊ ರೂಪಿಸಿದರು. ಅವರು ಮೊದಲು ಚುಚ್ಚಿಕೊಂಡದ್ದು ತಮ್ಮದೇ ನರಗಳಿಗೆ. ಈ ತಂತ್ರದಿಂದಲೇ 1990ರ ದಶಕದಲ್ಲಿ ಮನುಷ್ಯರ ರೋಮವಿರುವ ಚರ್ಮದಲ್ಲಿ ಸಿ-ಸ್ಪರ್ಶ ತಂತುಗಳು ಹೇರಳವಾಗಿವೆ ಎಂಬುದು ಖಚಿತವಾಯಿತು. 2009ರಲ್ಲಿ ಇನ್ನೊಂದು ಸಂಗತಿ ಸೇರಿತು. ಈ ತಂತುಗಳು ಅತಿ ಹೆಚ್ಚು ಮಿಡಿಯುವುದು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಜಾರುವ ಮೃದು ಸ್ಪರ್ಶಕ್ಕೆ. ಅದಕ್ಕಿಂತ ನಿಧಾನವಾದರೂ ವೇಗವಾದರೂ ಮಿಡಿತ ಇಳಿಯುತ್ತದೆ. ಕುಂಚದಿಂದ ಸವರಿಸಿಕೊಂಡವರು ಹಿತವೆಂದು ಹೆಚ್ಚು ಅಂಕ ಕೊಟ್ಟ ವೇಗವೂ ಅದೇ. ತಾಪದಲ್ಲಿಯೂ ಇವಕ್ಕೆ ಅಭಿರುಚಿ ಇದೆ: ಚರ್ಮದ ಸಹಜ ತಾಪವಾದ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ವಸ್ತು ಸವರಿದರೆ ಚೆನ್ನಾಗಿ ಮಿಡಿಯುತ್ತವೆ, ತಣ್ಣಗಿನದಕ್ಕೂ ಬಿಸಿಯದಕ್ಕೂ ಅಷ್ಟಿಲ್ಲ. ಕಾಯಿಲೆಯಿಂದ ದಪ್ಪ ತಂತುಗಳನ್ನೆಲ್ಲ ಕಳೆದುಕೊಂಡಿದ್ದ ಮಹಿಳೆಯೊಬ್ಬರ ತೋಳನ್ನು ಸವರಿದಾಗ ಅವರಿಗೆ ಸಾಮಾನ್ಯ ಸ್ಪರ್ಶದ ಅರಿವು ಇರಲಿಲ್ಲ, ಆದರೂ ಏನೋ ಮಸುಕಾದ ಹಿತ ಅನಿಸುತ್ತಿತ್ತು.

ತಾಯಿ ಮಗುವಿನ ಬೆನ್ನು ಸವರುವ ವೇಗಕ್ಕೂ ತಾಪಕ್ಕೂ ಹೊಂದಿಕೊಂಡ ತಂತುಗಳಿವು. ಅಂದರೆ ನಮ್ಮ ಚರ್ಮದ ಬಹುಪಾಲಿನಲ್ಲಿ ಆಪ್ತರ ಕೈಗಾಗಿಯೇ ಕಾದಿರುವ ಒಂದು ವ್ಯವಸ್ಥೆ ಇದೆ. ಶೋಧಿಸುವ ಕೈ ತಟ್ಟಿ ಮುಂದೆ ಹೋಗುವುದಿಲ್ಲ. ಬಟ್ಟೆಯ ಮೇಲೆ ಜಾರುತ್ತ, ನಿಂತು, ಮತ್ತೆ ಜಾರುತ್ತದೆ. ಆಪ್ತತೆಯ ಚಲನೆ ಇದೆ, ಆಪ್ತರಿಲ್ಲ. ಜಾರುವ ಹಸ್ತವಿದೆ, ಅದರ ಮೇಲೆ ತಣ್ಣನೆಯ ರಬ್ಬರ್ ಗವಸಿದೆ. ಈ ವಿರೋಧಾಭಾಸವೇ ಹಿಂಸೆಯ ಒಂದು ಮೂಲ ಎಂಬುದು ನನ್ನ ತರ್ಕ. ತಪಾಸಣೆಯ ಸಾಲಿನಲ್ಲಿ ಯಾರ ನರಕ್ಕೂ ಸೂಜಿ ಚುಚ್ಚಿ ಅಳೆಯಲು ಆಗುವುದಿಲ್ಲವಲ್ಲ.

ಕಚಗುಳಿಯ ವಿಜ್ಞಾನವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲು ಆಗದಿರುವುದೇಕೆ? ನಮ್ಮ ಕೈ ಎಲ್ಲಿಗೆ ಹೋಗಲಿದೆ ಎಂಬುದನ್ನು ಮಿದುಳು ಮುಂಚೆಯೇ ಲೆಕ್ಕ ಹಾಕಿ, ಬರಲಿರುವ ಸಂವೇದನೆಯನ್ನು ತಗ್ಗಿಸಿಬಿಡುತ್ತದೆ. ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ರೋಬಾಟ್ ಒಂದನ್ನು ನಡುವೆ ಇಟ್ಟು, ವ್ಯಕ್ತಿಯ ಕೈಚಲನೆಗೂ ಅದು ಅವನ ಅಂಗೈಯನ್ನು ಮುಟ್ಟುವುದಕ್ಕೂ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ತೊಡಗಿ ಅಂತರ ಹೆಚ್ಚಿಸುತ್ತ ಹೋದರು. ಅಂತರ ಬೆಳೆದಂತೆ ಕಚಗುಳಿಯೂ ಬೆಳೆಯಿತು. ಊಹೆ ಹುಸಿಯಾದಷ್ಟೂ ಸ್ಪರ್ಶ ತೀಕ್ಷ್ಣ. ಬೆನ್ನ ಹಿಂದೆ ನಿಂತವರ ಕೈ ಮುಂದಿನ ಕ್ಷಣ ಸೊಂಟಕ್ಕೋ ತೊಡೆಗೋ ಎಂಬುದು ತಿಳಿಯದಿದ್ದಾಗ ಮಿದುಳಿಗೆ ತಗ್ಗಿಸಲು ಏನೂ ಸಿಗುವುದಿಲ್ಲ. ಹಿಂದೊಮ್ಮೆ ದೌರ್ಜನ್ಯಕ್ಕೆ ಒಳಗಾದವರ ವಿಷಯದಲ್ಲಂತೂ ಇದು ಬರೀ ತೀಕ್ಷ್ಣತೆಯ ಪ್ರಶ್ನೆಯಲ್ಲ. ದೇಹ ಆ ಹಳೆಯ ಘಟನೆಯೇ ಈಗ ನಡೆಯುತ್ತಿದೆ ಎಂಬಂತೆ ಸೆಟೆದುಕೊಳ್ಳುತ್ತದೆ. ಅವರಿಗೆ ‘ಧೈರ್ಯ ತಂದುಕೊಳ್ಳಿ’ ಎನ್ನುವುದು ಕ್ರೌರ್ಯ.

ಅಪರಿಚಿತರು ಎಲ್ಲಿ ಮುಟ್ಟಬಹುದು ಎಂಬುದರ ನಕ್ಷೆಯೂ ಇದೆ. ಫಿನ್‌ಲ್ಯಾಂಡ್, ಫ್ರಾನ್ಸ್, ಇಟಲಿ, ರಷ್ಯಾ, ಬ್ರಿಟನ್‌ಗಳ 1,368 ಜನರಿಗೆ ದೇಹದ ರೇಖಾಚಿತ್ರ ಕೊಟ್ಟು, ಯಾರಿಗೆ ಎಲ್ಲೆಲ್ಲಿ ಮುಟ್ಟಲು ಬಿಡುತ್ತೀರಿ ಎಂದು ಬಣ್ಣ ತುಂಬಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಭಾವಬಂಧ ಗಟ್ಟಿಯಾದಷ್ಟೂ ಅನುಮತಿಯ ಪ್ರದೇಶ ಹಿರಿದು; ಅಪರಿಚಿತರ ಪಾಲಿಗೆ ಹೆಚ್ಚೂಕಡಿಮೆ ಕೈಗಳಷ್ಟೇ. ತಪಾಸಣೆ ಹುಡುಕುವುದು ಸರಿಯಾಗಿ ಆ ನಕ್ಷೆಯ ನಿಷೇಧಿತ ಭಾಗದಲ್ಲಿ, ಏಕೆಂದರೆ ಬಚ್ಚಿಡುವವರಿಗೂ ಆ ನಕ್ಷೆ ಗೊತ್ತು.

ಇಲ್ಲಿ ಸ್ವಲ್ಪ ಚರಿತ್ರೆ ಬೇಕು. 1971ರ ನವೆಂಬರ್‌ನಲ್ಲಿ ಡ್ಯಾನ್ ಕೂಪರ್ ಎಂಬ ಹೆಸರಿನಲ್ಲಿ ಟಿಕೆಟ್ ಕೊಂಡವನೊಬ್ಬ ಬಾಂಬ್ ಇದೆ ಎಂದು ಬೆದರಿಸಿ, ಎರಡು ಲಕ್ಷ ಡಾಲರ್ ಪಡೆದು, ಹಾರುತ್ತಿದ್ದ ಬೋಯಿಂಗ್ 727ರಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿ ಮಾಯವಾದ. ವಿಮಾನ ಹತ್ತುವಾಗ ಅವನ ಚೀಲವನ್ನು ಯಾರೂ ನೋಡಿರಲಿಲ್ಲ. ಆಗಿನ ಪದ್ಧತಿಯೇ ಹಾಗಿತ್ತು. ಆ ಹೊತ್ತಿಗೆ ಅಮೆರಿಕದಲ್ಲಿ ವಿಮಾನ ಅಪಹರಣ ಸಾಂಕ್ರಾಮಿಕದಂತಾಗಿತ್ತು. 1973ರ ಜನವರಿಯಲ್ಲಿ ಎಲ್ಲ ಪ್ರಯಾಣಿಕರ ತಪಾಸಣೆ ಅಲ್ಲಿ ಕಡ್ಡಾಯವಾಯಿತು. ಲೋಹಶೋಧಕದ ಚೌಕಟ್ಟು ಪಿಸ್ತೂಲಿಗೂ ಚಾಕುವಿಗೂ ಸಾಕಿತ್ತು. 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಯುವಕನೊಬ್ಬ ಒಳಚಡ್ಡಿಯಲ್ಲಿ ಹೊಲಿದುಕೊಂಡಿದ್ದ ಸ್ಫೋಟಕಕ್ಕೆ ಕಿಡಿ ತಗುಲಿಸಿದ. ಅದು ಸ್ಫೋಟಿಸದೆ ಅವನನ್ನೇ ಸುಟ್ಟಿತು, ಪ್ರಯಾಣಿಕರು ಅವನನ್ನು ಹಿಡಿದರು. ಪಿಇಟಿಎನ್ ಎಂಬ ಆ ರಾಸಾಯನಿಕದಲ್ಲಿ ಲೋಹವಿಲ್ಲ. ಯಾವ ಲೋಹಶೋಧಕವೂ ಅದಕ್ಕೆ ಕೂಗಿಕೊಳ್ಳುವುದಿಲ್ಲ. ಮರುವರ್ಷ ಅಮೆರಿಕದ ಹಲವು ನಿಲ್ದಾಣಗಳಿಗೆ ದೇಹ ಸ್ಕ್ಯಾನರ್‌ಗಳು ಬಂದವು. ಅವು ಬೇಡವೆಂದವರಿಗೆ ಅಂಗೈಯಿಂದಲೇ ಸ್ತನ, ತೊಡೆಸಂದುಗಳನ್ನೂ ಶೋಧಿಸುವ ಹೊಸ ಕ್ರಮ 2010ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಅದುವರೆಗೆ ಆ ಭಾಗಗಳಿಗೆ ಬಳಸುತ್ತಿದ್ದುದು ಹಸ್ತದ ಹಿಂಬದಿಯನ್ನು. ಜನ ಕೆರಳಿದರು.

ಸ್ಕ್ಯಾನರ್ ಬೇಡವೆಂದು ಕೈತಪಾಸಣೆ ಕೇಳಿಕೊಂಡವರಲ್ಲಿ ಹಲವರದು ವಿಕಿರಣದ ಭಯ. ಈಗ ಬಳಕೆಯಲ್ಲಿರುವ ಮಿಲಿಮೀಟರ್ ತರಂಗ ಸ್ಕ್ಯಾನರ್‌ಗಳ ವಿಷಯದಲ್ಲಿ ಇದು ಬರೀ ಮೂಢನಂಬಿಕೆ. ಅವುಗಳ ಆವರ್ತನ ಸುಮಾರು 24ರಿಂದ 30 ಗಿಗಾಹರ್ಟ್ಜ್. ಅಲ್ಲಿನ ಒಂದು ಫೋಟಾನಿನ, ಅಂದರೆ ತರಂಗಶಕ್ತಿಯ ಒಂದು ಕಣದ, ಶಕ್ತಿ, ಅಣುವಿನಿಂದ ಇಲೆಕ್ಟ್ರಾನನ್ನು ಕಿತ್ತೆಸೆಯಲು ಬೇಕಾದ ಶಕ್ತಿಯ ಸುಮಾರು 80 ಸಾವಿರದಲ್ಲೊಂದು ಭಾಗ. ಇಂಥ ಫೋಟಾನುಗಳು ಎಷ್ಟೇ ಬಿದ್ದರೂ ಡಿಎನ್‌ಎ ತುಂಡಾಗುವುದಿಲ್ಲ. ಇವು ಬಟ್ಟೆಯನ್ನು ದಾಟಿ, ಚರ್ಮದಲ್ಲಿನ ನೀರಿಗೆ ತಗುಲಿ ಹಿಂದಿರುಗುತ್ತವೆ. ಮೊದಲ ತಲೆಮಾರಿನ ಎಕ್ಸ್-ರೇ ಸ್ಕ್ಯಾನರ್‌ಗಳ ಕತೆ ಬೇರೆ. ಅವು ಅಯಾನೀಕರಿಸುವ, ಅಂದರೆ ಇಲೆಕ್ಟ್ರಾನನ್ನು ಕಿತ್ತೆಸೆಯಬಲ್ಲ, ವಿಕಿರಣವನ್ನೇ ಬಳಸುತ್ತಿದ್ದವು, ಆದರೂ ಒಂದು ಸ್ಕ್ಯಾನ್‌ನ ಪ್ರಮಾಣ ಆಗಸದಲ್ಲಿ ಕೆಲವೇ ನಿಮಿಷ ಹಾರುವಾಗ ಅಂತರಿಕ್ಷದಿಂದ ಬೀಳುವಷ್ಟೇ. ಅವುಗಳನ್ನು 2013ರಲ್ಲಿ ಅಮೆರಿಕದ ನಿಲ್ದಾಣಗಳಿಂದ ಹೊರಹಾಕಿದ್ದಕ್ಕೆ ಕಾರಣ ವಿಕಿರಣವಲ್ಲ. ಬೆತ್ತಲೆಯನ್ನು ಹೋಲುವ ಚಿತ್ರದ ಬದಲು ಗೊಂಬೆಯ ರೇಖಾಚಿತ್ರವನ್ನಷ್ಟೇ ತೋರಿಸುವ ತಂತ್ರಾಂಶವನ್ನು ಸಂಸತ್ತು ಕಡ್ಡಾಯಗೊಳಿಸಿತ್ತು. ಅದನ್ನು ಗಡುವಿನೊಳಗೆ ಅಳವಡಿಸಲು ಆಗಲಿಲ್ಲ.

ಆದರೆ ನೀರಿನ ಮೇಲಿನ ಈ ಅವಲಂಬನೆಯೇ ಮಿಲಿಮೀಟರ್ ತರಂಗದ ದೌರ್ಬಲ್ಯ. ಬೆವರಿನಿಂದ ತೊಯ್ದ ಬಟ್ಟೆ, ಹಲವು ಪದರಗಳ ನೆರಿಗೆ, ದಟ್ಟ ಜಡೆ, ಮುಂಡಾಸು, ಕೃತಕ ಅಂಗ, ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಗೆ ಅಂಟಿಸಿರುವ ಚೀಲ ಇವೆಲ್ಲ ಪರದೆಯ ಮೇಲೆ ಹಳದಿ ಚೌಕವಾಗಿ ಕಾಣಬಹುದು. ಚೌಕ ಕಂಡಲ್ಲಿಗೆ ಕೈ ಹೋಗುತ್ತದೆ. ಹೀಗಾಗಿ ಯಂತ್ರ ಬಂದರೂ ಮುಟ್ಟುವುದು ತಪ್ಪಲಿಲ್ಲ. ಮುಟ್ಟಿಸಿಕೊಳ್ಳುವ ಸರದಿ ಕೆಲವು ಬಗೆಯ ಉಡುಪಿನವರಿಗೆ, ಕೆಲವು ಬಗೆಯ ದೇಹದವರಿಗೆ ಮತ್ತೆ ಮತ್ತೆ ಬರುವಂತಾಯಿತು. ಸ್ಫೋಟಕ ಹೊತ್ತವರು ಕೋಟಿಗೊಬ್ಬರೂ ಇಲ್ಲದಿರುವಾಗ, ನೂರಕ್ಕೆ ಒಂದೇ ಸಲ ತಪ್ಪುವ ಯಂತ್ರವೂ ಪ್ರತಿ ಕೋಟಿಗೆ ಒಂದು ಲಕ್ಷ ನಿರಪರಾಧಿಗಳನ್ನು ಪಕ್ಕಕ್ಕೆ ನಿಲ್ಲಿಸುತ್ತದೆ.

ಹಾಗೆ ಪಕ್ಕಕ್ಕೆ ನಿಂತವರು ಬೆವರುತ್ತಾರೆ, ಕಣ್ಣು ತಪ್ಪಿಸುತ್ತಾರೆ. ‘ಬಚ್ಚಿಟ್ಟುಕೊಂಡವರಿಗಷ್ಟೇ ಭಯ’ ಎಂಬ ಮಾತಿನ ಪ್ರಕಾರ ಅವರು ಅನುಮಾನಕ್ಕೆ ತಕ್ಕವರು. ಈ ನಂಬಿಕೆಗೆ ಅಮೆರಿಕದ ಸಾರಿಗೆ ಭದ್ರತಾ ಆಡಳಿತ ಸರ್ಕಾರಿ ಮುದ್ರೆ ಒತ್ತಿತ್ತು. ಮುಖಭಾವ, ಹಾವಭಾವ ನೋಡಿ ಅಪಾಯಕಾರಿಗಳನ್ನು ಗುರುತಿಸುವ ಕಾರ್ಯಕ್ರಮಕ್ಕೆ 2007ರಿಂದ ಸುಮಾರು 90 ಕೋಟಿ ಡಾಲರ್ ಸುರಿಯಲಾಯಿತು. 2013ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಹಿಂದಿನ ಸಂಶೋಧನೆಗಳನ್ನೆಲ್ಲ ಜಾಲಾಡಿ, ಹಾವಭಾವದಿಂದ ವಂಚನೆಯನ್ನು ಪತ್ತೆಹಚ್ಚುವ ಮನುಷ್ಯರ ಸಾಮರ್ಥ್ಯ ನಾಣ್ಯ ಚಿಮ್ಮುವುದಕ್ಕೆ ಸಮ, ಇಲ್ಲವೇ ಅದಕ್ಕಿಂತ ಕೂದಲೆಳೆಯಷ್ಟು ಮೇಲು ಎಂದಿತು. ಸುಳ್ಳು ಪತ್ತೆಯ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯೊಂದರಲ್ಲಿ ಸರಾಸರಿ ಯಶಸ್ಸು ಶೇಕಡ 54. ಮಚ್ಚೆ, ಹುಬ್ಬು ನೋಡಿ ಗುಣ ಹೇಳುವ ಸಾಮುದ್ರಿಕವನ್ನು ನಗೆಯಾಡುವ ವಿದ್ಯಾವಂತರು, ಅದೇ ಸರಕಿಗೆ ಸಮವಸ್ತ್ರ ತೊಡಿಸಿದೊಡನೆ ವಿಜ್ಞಾನವೆಂದು ತಲೆಬಾಗುತ್ತಾರೆ. ಅಪರಿಚಿತ ಕೈ ತೊಡೆಯ ಮೇಲಿದ್ದಾಗ ಎದೆಬಡಿತ ಏರುವುದು ಆರೋಗ್ಯವಂತ ನರವ್ಯೂಹದ ಲಕ್ಷಣ, ಅಪರಾಧದ್ದಲ್ಲ.

ತಪಾಸಣೆಯೇ ಬೇಡ ಎನ್ನುವುದು ನನ್ನ ವಾದವಲ್ಲ. 2009ರ ಆ ಒಳಚಡ್ಡಿಯನ್ನು ಮರೆಯುವಂತಿಲ್ಲ. ಹಿಂಸೆಯನ್ನು ತಗ್ಗಿಸಬಲ್ಲ ಉಪಾಯ ಎಲ್ಲಿದೆ ಎಂಬುದಷ್ಟೇ ಪ್ರಶ್ನೆ. ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕರ್ಕಶ ಸದ್ದು ಕೇಳಿಸಿ ಪ್ರಯೋಗ ನಡೆಸಿದ್ದರು. ಯಾವಾಗ ಬಡಿಯುತ್ತದೆಂದು ತಿಳಿಯದ ಸದ್ದು ಕೇಳಿದವರು ಆಮೇಲೆ ಕೊಟ್ಟ ಕೆಲಸದಲ್ಲಿ ಹೆಚ್ಚು ತಪ್ಪು ಮಾಡಿದರು, ಒಗಟುಗಳನ್ನು ಬೇಗ ಕೈಬಿಟ್ಟರು. ಇನ್ನೊಂದು ಗುಂಪಿಗೆ ಅದೇ ಸದ್ದನ್ನೇ ಕೇಳಿಸಿದರು, ಆದರೆ ಬೇಕೆಂದಾಗ ನಿಲ್ಲಿಸಬಹುದಾದ ಗುಂಡಿಯೊಂದನ್ನು ಕೊಟ್ಟಿದ್ದರು. ಸಾಧ್ಯವಾದರೆ ಒತ್ತಬೇಡಿ ಎಂದೂ ಕೇಳಿಕೊಂಡಿದ್ದರು. ಅವರು ಒತ್ತಲಿಲ್ಲ. ಆದರೂ ಆ ದುಷ್ಪರಿಣಾಮ ಅವರಲ್ಲಿ ಬಹಳ ಕಡಿಮೆಯಿತ್ತು.

ತಪಾಸಣೆಗೆ ಅಂಥ ಗುಂಡಿಗಳು ಕಾಗದದ ಮೇಲೆ ಈಗಾಗಲೇ ಇವೆ. ಅಮೆರಿಕದ ನಿಯಮದಂತೆ ಕೈತಪಾಸಣೆ ನಡೆಸುವವರು ಪ್ರಯಾಣಿಕರ ಲಿಂಗದವರೇ ಆಗಿರಬೇಕು, ಪ್ರತಿ ಹಂತವನ್ನೂ ವಿವರಿಸಬೇಕು. ಪ್ರಯಾಣಿಕರು ಪ್ರತ್ಯೇಕ ಕೊಠಡಿ ಕೇಳಬಹುದು, ಜೊತೆಗೊಬ್ಬರನ್ನು ಕರೆದೊಯ್ಯಬಹುದು, ನೋವಿರುವ ಜಾಗವನ್ನು ಮೊದಲೇ ತಿಳಿಸಬಹುದು. ‘ಈಗ ನಿಮ್ಮ ಬೆನ್ನಿನ ಕೆಳಭಾಗ ಮುಟ್ಟುತ್ತೇನೆ’ ಎಂಬ ಒಂದು ವಾಕ್ಯ ಮಿದುಳಿಗೆ ಊಹಿಸಲು ಬೇಕಾದದ್ದನ್ನು ಒದಗಿಸುತ್ತದೆ, ಅದನ್ನು ಹೇಳಲು ಎರಡು ಸೆಕೆಂಡು ಸಾಕು. ಸಾಲು ಉದ್ದವಾದಾಗ ಮೊದಲು ಬಿಟ್ಟುಹೋಗುವುದು ಆ ಎರಡು ಸೆಕೆಂಡೇ.