ತುಕ್ಕು ಹಿಡಿದೇ ಉಳಿಯುವ ಲೋಹ

ಟೈಟಾನಿಯಂಗೆ ತುಕ್ಕು ಹಿಡಿಯುವುದೇ ಇಲ್ಲ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ನಿಜ ಹೇಳಬೇಕೆಂದರೆ ಅದಕ್ಕೆ ಕಬ್ಬಿಣಕ್ಕಿಂತ ಬೇಗ ಹಿಡಿಯುತ್ತದೆ. ಹೊಸದಾಗಿ ಕೊಯ್ದ ಟೈಟಾನಿಯಂಗೆ ಗಾಳಿ ಸೋಕಿದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ಅದರ ಮೇಲೆ ಆಕ್ಸೈಡ್ ಪದರ ಕಟ್ಟಿಕೊಂಡಿರುತ್ತದೆ. ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಕೂರಿಸಲು ದವಡೆಗೆ ಹಾಕುವ ಟೈಟಾನಿಯಂ ತಿರುಪಿನಿಂದ, ಅಂದರೆ ಹಲ್ಲಿನ ಇಂಪ್ಲಾಂಟ್‌ನಿಂದ ಲೋಹದ ಕಣಗಳು ಉದುರುತ್ತವಂತೆ, ಮೈಗೆಲ್ಲ ವಿಷವಂತೆ ಎಂದು ಹೆದರುವವರಿಗೆ ನಾನು ಮೊದಲು ಹೇಳುವುದು ಈ ಪದರದ ಕಥೆಯನ್ನೇ. ‘ಟೈಟಾನಿಯಂ ಅಲ್ವಾ, ಏನೂ ಆಗಲ್ಲ ಬಿಡಿ’ ಎನ್ನುವವರಿಗೂ ಅದನ್ನೇ ಹೇಳುತ್ತೇನೆ.

ಕಬ್ಬಿಣದ ತುಕ್ಕು ಹಳೇ ಗೋಡೆಯ ಗಾರೆ ಇದ್ದ ಹಾಗೆ. ಹಕ್ಕಳೆ ಎದ್ದು ಉದುರುತ್ತದೆ, ಒಳಗಿನ ಕಬ್ಬಿಣ ಬಯಲಾಗುತ್ತದೆ, ಅದಕ್ಕೂ ತುಕ್ಕು. ಟೈಟಾನಿಯಂನದು ಚರ್ಮ ಇದ್ದ ಹಾಗೆ. ಬಿಗಿಯಾಗಿ ಅಂಟಿಕೊಂಡು, ಒಳಗಿನ ಲೋಹಕ್ಕೆ ಜೊಲ್ಲು ತಾಗದಂತೆ ಕಾಯುತ್ತದೆ. ಅದರ ದಪ್ಪ ಸುಮಾರು 5 ನ್ಯಾನೊಮೀಟರ್ ಅಷ್ಟೇ. ನಿಮ್ಮ ಬೆರಳಿನ ಉಗುರು ಐದು ಸೆಕೆಂಡಿನಲ್ಲಿ ಹೆಚ್ಚೂಕಡಿಮೆ ಅಷ್ಟು ಬೆಳೆಯುತ್ತದೆ! ಗೀಚಿದರೆ? ಪಾಚಿ ಕಟ್ಟಿದ ಕೊಳದಲ್ಲಿ ಕೈಯಾಡಿಸಿ ನೋಡಿ. ಒಂದು ಗಳಿಗೆ ನೀರು ಕಾಣುತ್ತದೆ, ಮತ್ತೆ ಪಾಚಿ ಮುಚ್ಚಿಕೊಳ್ಳುತ್ತದೆ. ಇಲ್ಲೂ ಹಾಗೇ. ಒಂದೇ ವ್ಯತ್ಯಾಸ, ಪಕ್ಕದ ಪಾಚಿ ಸರಿದು ಬರುವುದಿಲ್ಲ, ಬಯಲಾದ ಜಾಗದಲ್ಲೇ ಹೊಸದು ಹುಟ್ಟುತ್ತದೆ. ಪ್ರತಿ ಸಲ ಹುಟ್ಟುವಾಗಲೂ ಚೂರು ಲೋಹ ಖರ್ಚಾಗುತ್ತದೆ.

ಈ ಪದರವನ್ನು ಕಣ್ಣಾರೆ ನೋಡಬೇಕೆ? ಕೆಲವು ಇಂಪ್ಲಾಂಟ್‌ಗಳ ಮೇಲೆ ಕೂರಿಸುವ, ಕೃತಕ ಹಲ್ಲಿನ ಕ್ಯಾಪನ್ನು ಹಿಡಿದಿಡುವ ಕೊಂಡಿಯಾದ ಅಬಟ್‌ಮೆಂಟ್ ಹೊಂಬಣ್ಣಕ್ಕೋ ಗುಲಾಬಿ ಬಣ್ಣಕ್ಕೋ ಇರುತ್ತದೆ. ಅದರಲ್ಲಿ ಬಣ್ಣ ಬಳಿದಿರುವುದಿಲ್ಲ. ವಿದ್ಯುತ್ ಹರಿಸಿ ಆಕ್ಸೈಡ್ ಪದರವನ್ನು ಹತ್ತಾರು ಪಟ್ಟು ದಪ್ಪ ಮಾಡಿರುತ್ತಾರೆ. ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಬಣ್ಣ ಮೂಡುವ ಹಾಗೆಯೇ ಇದರಲ್ಲೂ ಬಣ್ಣ ಮೂಡುತ್ತದೆ. ದಪ್ಪ ಬದಲಾದರೆ ಬಣ್ಣವೂ ಬದಲು. ನನಗಂತೂ ಇದನ್ನು ಎಷ್ಟು ಸಲ ನೋಡಿದರೂ ಸಾಲದು.

1952ರ ಸುಮಾರಿಗೆ ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಪುಟ್ಟದೊಂದು ಟೈಟಾನಿಯಂ ಸಾಧನ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಕೀಳಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ತನ್ನದೇ ಭಾಗ ಅಂದುಕೊಂಡು ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮೊದಲ ರೋಗಿಯ ದವಡೆಗೆ ಟೈಟಾನಿಯಂ ತಿರುಪುಗಳನ್ನು ಹಾಕಿದರು. ಅವು 40 ವರ್ಷಕ್ಕೂ ಮೇಲೆ, ಆ ವ್ಯಕ್ತಿ ತೀರಿಕೊಳ್ಳುವ ತನಕ ಬಾಳಿಕೆ ಬಂದವು. ಮೂಳೆ ಅಷ್ಟು ವರ್ಷ ಅಪ್ಪಿಕೊಂಡಿದ್ದು ಬರೀ ಲೋಹವನ್ನಲ್ಲ, ಆ ಪದರವನ್ನು.

ಹಾಗಾದರೆ ಕಣ ಬರುವುದು ಸುಳ್ಳಾ? ಸುಳ್ಳಲ್ಲ. ತಿರುಪನ್ನು ಮೂಳೆಗೆ ಬಿಗಿಸುವಾಗಲೇ ಒಂದಿಷ್ಟು ಉದುರುತ್ತವೆ. ಆಮೇಲೆ, ಅಗಿದಾಗಲೆಲ್ಲ ಇಂಪ್ಲಾಂಟ್ ಮತ್ತು ಅಬಟ್‌ಮೆಂಟ್ ಸೇರುವ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಅಲುಗಾಟ, ಉಜ್ಜಾಟ. ಸ್ಟೀಲ್ ಮೊನೆಯಿಂದ ಕ್ಲೀನಿಂಗ್ ಮಾಡಿದರೆ ಇನ್ನೂ ಜಾಸ್ತಿ. ಬ್ಯಾಕ್ಟೀರಿಯಾ ಬಿಡುವ ಆಮ್ಲವೂ ಪದರವನ್ನು ಸವೆಸುತ್ತದೆ. ಆಮ್ಲದ ಜೊತೆ ಫ್ಲೋರೈಡ್ ಜಾಸ್ತಿ ಸೇರಿದರೆ ಪದರ ಕರಗಲೂಬಹುದು.

ಈ ಕಣಗಳನ್ನು ಮ್ಯಾಕ್ರೊಫೇಜ್ ಎನ್ನುವ ಕಾವಲು ಕೋಶಗಳು ನುಂಗುತ್ತವೆ. ಬ್ಯಾಕ್ಟೀರಿಯಾ ಆದರೆ ಜೀರ್ಣಿಸಿಕೊಳ್ಳುತ್ತವೆ, ಲೋಹವನ್ನು ಹೇಗೆ ಜೀರ್ಣಿಸಿಕೊಳ್ಳಬೇಕು? ಕೆಲವೇ ಕಣ ಇದ್ದರೆ ಸುಮ್ನೆ ಇರುತ್ತವೆ. ತುಂಬಾ ಆದಾಗ ಕೂಗು ಹಾಕುತ್ತವೆ, ಅಂದರೆ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಆ ಕೂಗು ಕೇಳಿ ಮೂಳೆ ಕರಗಿಸುವ ಕೋಶಗಳು ಎಚ್ಚರಗೊಳ್ಳುತ್ತವೆ.

ಉರಿಯೂತ ಇರುವ ಇಂಪ್ಲಾಂಟ್ ಸುತ್ತಲಿನ ಕೊಳೆಯಲ್ಲಿ ಟೈಟಾನಿಯಂ ಜಾಸ್ತಿ ಸಿಗುತ್ತದೆ ಅನ್ನುವುದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕಣದಿಂದ ಉರಿಯೂತವೋ, ಉರಿಯೂತದಿಂದ ಕಣವೋ? ಒಸಡು ಊದಿಕೊಂಡಾಗ ಅಲ್ಲಿ ಆಮ್ಲೀಯತೆ ಏರುತ್ತದೆ, ಆಮ್ಲೀಯತೆ ಏರಿದರೆ ಲೋಹ ಸವೆಯುತ್ತದೆ. ಈ ಗಂಟು ಇನ್ನೂ ಬಿಚ್ಚಿಲ್ಲ. ಸರಿಯಾಗಿ ಹಲ್ಲುಜ್ಜದಿರುವುದು, ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಇವುಗಳಿಂದ ಇಂಪ್ಲಾಂಟ್‌ಗೆ ಆಗುವ ಕೆಡುಕಿನ ಬಗ್ಗೆ ಮಾತ್ರ ಅಷ್ಟು ಗೊಂದಲ ಇಲ್ಲ.

2010ರಲ್ಲಿ ವಾಪಸ್ ಪಡೆದ ಸೊಂಟದ ಕೃತಕ ಕೀಲುಗಳನ್ನು ತೋರಿಸಿ ಹೆದರಿಸುವವರಿದ್ದಾರೆ. ಅವು ಕೋಬಾಲ್ಟ್-ಕ್ರೋಮಿಯಂನವು. ಹೆಜ್ಜೆ ಇಟ್ಟಾಗಲೆಲ್ಲ ಲೋಹದ ಗುಂಡು ಲೋಹದ ಬಟ್ಟಲಿನಲ್ಲಿ ಉಜ್ಜುತ್ತಿತ್ತು. ಮೂಳೆಗೆ ಬೆಸೆದು ಕೂತ ತಿರುಪಿಗೂ ಅದಕ್ಕೂ ಹೋಲಿಕೆ ಸಲ್ಲ. ನನಗೆ ಆತಂಕ ಆಗುವುದು ಈ ಭಯದಲ್ಲಿ ಗಟ್ಟಿಯಾಗಿರುವ ಇಂಪ್ಲಾಂಟನ್ನೇ ಕೀಳಿಸಲು ಹೊರಡುವವರನ್ನು ಕಂಡಾಗ. ಬೆಸೆದ ತಿರುಪನ್ನು ತೆಗೆಯಲು ಅದರ ಸುತ್ತ ಕೊರೆಯಬೇಕಾಗಿ ಬಂದರೆ ಮೂಳೆಯೂ ಹೋಗುತ್ತದೆ, ಲೋಹದ ಪುಡಿಯೂ ಏಳಬಹುದು. ಯಾವುದಕ್ಕೆ ಹೆದರಿದ್ದರೋ ಅದೇ ಆಗುತ್ತದೆ.

ಕ್ಲೀನಿಂಗ್‌ಗೆ ಕೂತಾಗ ಯಾವ ಹಲ್ಲು ಇಂಪ್ಲಾಂಟ್ ಎಂದು ಮೊದಲೇ ಹೇಳಿ. ಲೋಹ ಗೀಚದ ಪ್ಲಾಸ್ಟಿಕ್ ಮೊನೆಗಳಿವೆ, ಮೃದುವಾದ ಪುಡಿ ಊದಿ ಸ್ವಚ್ಛ ಮಾಡುವ ಯಂತ್ರಗಳಿವೆ. ಉಜ್ಜುವಾಗ ಅಲ್ಲಿ ರಕ್ತ ಬಂದರೆ, ಕ್ಯಾಪ್ ಚೂರು ಅಲುಗಾಡಿದಂತೆ ಅನಿಸಿದರೆ ತಿಂಗಳುಗಟ್ಟಲೆ ಕಾಯಬೇಡಿ. ಅಲುಗಾಟಕ್ಕೆ ಎಷ್ಟೋ ಸಲ ಕಾರಣ ಒಳಗಿನ ಪುಟ್ಟ ತಿರುಪು ಸಡಿಲವಾಗಿರುವುದಷ್ಟೇ. ಬಿಗಿ ಮಾಡಿದರೆ ಉಜ್ಜಾಟ ಕಡಿಮೆಯಾಗುತ್ತದೆ, ಪದರ ಮತ್ತೆ ಕಟ್ಟಿಕೊಳ್ಳುತ್ತದೆ.