ಮುಧೋಳ ಮರಿ ಹೊಸ ಮನೆಗೆ ಹೋಗುವ ಮುನ್ನ: ಎಂಟು ವಾರಗಳ ಪಾಲನೆಯ ಟಿಪ್ಪಣಿ

ಮುಧೋಳ ತಳಿಯ ನಾಯಿಮರಿ ಕೊಳ್ಳಲು ಬರುವವರು ಮೊದಲು ಕೇಳುವುದು ಬಣ್ಣ, ತಾಯಿ ತಂದೆಯ ಎತ್ತರ, ಬೆಲೆ. ಈ ಮರಿಯನ್ನು ಇಲ್ಲಿಯವರೆಗೆ ಎಷ್ಟು ಜನ ಎತ್ತಿಕೊಂಡಿದ್ದಾರೆ, ಅದು ಮೆಟ್ಟಿಲು ಹತ್ತಿದೆಯೇ, ಕುಕ್ಕರ್ ಸೀಟಿ ಕೇಳಿದೆಯೇ ಎಂದು ವಿಚಾರಿಸಿದವರನ್ನು ನಾನು ಕಂಡಿಲ್ಲ. ಪಶುಪಾಲನೆ ಓದುತ್ತಿರುವ ನಮಗೆ ಇವೇ ಮುಖ್ಯ ಪ್ರಶ್ನೆಗಳಾಗಬೇಕು.

ಈ ತಳಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಮುಧೋಳ ನಾಯಿ ವಾಸನೆ ಹಿಡಿದು ಹೋಗುವುದಕ್ಕಿಂತ ಕಣ್ಣಿನಿಂದ ಬೇಟೆ ಕಂಡು ಅಟ್ಟಿಸಿಕೊಂಡು ಹೋಗುವ ನಾಯಿ. ಮನೆಯವರನ್ನು ಬಹಳ ಹಚ್ಚಿಕೊಳ್ಳುತ್ತದೆ, ಅಪರಿಚಿತರ ಕೈ ಮೈಗೆ ತಾಗುವುದನ್ನು ಮಾತ್ರ ಒಪ್ಪುವುದಿಲ್ಲ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಮುಂದೆ ಸೇನೆಯೂ ಮರಿಗಳನ್ನು ತರಬೇತಿಗೆ ತೆಗೆದುಕೊಂಡಿತು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರ ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ಹೆಸರು ಹರಡಿದಂತೆ ನಗರದ ಗಿರಾಕಿಗಳೂ ಬಂದರು. ಹೊಲದ ಅಂಚಿನಲ್ಲಿ ಕಣ್ಣು ಬಿಟ್ಟ ಮರಿ ಬೆಂಗಳೂರಿನ ಏಳನೆಯ ಮಹಡಿಗೆ ಲಿಫ್ಟ್‌ನಲ್ಲಿ ಹೋಗಬೇಕಾಗುತ್ತದೆ. ಮೊದಲೇ ಸಂಕೋಚ ಸ್ವಭಾವದ ತಳಿ. ಸಿದ್ಧತೆಯಿಲ್ಲದೆ ಕಳುಹಿಸಿದರೆ ಆ ಸಂಕೋಚ ಭಯವಾಗುತ್ತದೆ.

ಮೊದಲ ಎರಡು ವಾರ

ಇದು ತಾಯಿಯ ಕಾಲ. ಮರಿಗೆ ಕಣ್ಣು ಕಾಣದು, ಕಿವಿ ಕೇಳದು, ಚಳಿಯಾದರೆ ನಡುಗುವುದಕ್ಕೂ ಬಾರದು. ಆದ್ದರಿಂದ ಮಲಗುವ ಜಾಗವನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗೆ ಇಡಬೇಕು. ಗಿಣ್ಣುಹಾಲಿನ ರೋಗನಿರೋಧಕ ಅಂಶಗಳನ್ನು ಮರಿಯ ಕರುಳು ಹೀರಿಕೊಳ್ಳುವುದು ಮೊದಲ ಒಂದು ದಿನದೊಳಗೆ ಮಾತ್ರ. ಪ್ರತಿ ಮರಿಯೂ ಮೊಲೆ ಹಿಡಿದಿದೆಯೇ ಎಂದು ನೋಡಲೇಬೇಕು. ದಿನಕ್ಕೊಮ್ಮೆ ತೂಗಿ ಬರೆದಿಡಿ. ಹುಟ್ಟಿದ ತೂಕ ಏಳರಿಂದ ಹತ್ತು ದಿನಗಳಲ್ಲಿ ಎರಡರಷ್ಟಾಗಬೇಕು. ತೂಗಲು ಎತ್ತುವುದೇ ಮನುಷ್ಯರ ಕೈಗೆ ಮರಿಯ ಮೊದಲ ಪರಿಚಯ. ಇದಕ್ಕಿಂತ ಹೆಚ್ಚಿನ ಕಸರತ್ತು ಈಗ ಬೇಡ.

ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಕಣ್ಣು ತೆರೆಯುತ್ತದೆ, ಅದರ ಹಿಂದೆಯೇ ಕಿವಿ. ಎರಡನೆಯ ವಾರಕ್ಕೆ ಜಂತುಹುಳುವಿನ ಔಷಧ ಶುರುವಾಗಬೇಕು, ಏಕೆಂದರೆ ದುಂಡುಹುಳು ತಾಯಿಯ ಗರ್ಭದಲ್ಲಿರುವಾಗಲೇ ಮರಿಗೆ ಬಂದಿರುತ್ತದೆ.

ಮೂರನೆಯ ವಾರದಿಂದ

ಪರೀಕ್ಷೆಗೆ ಓದುವಾಗ ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಈ ಭಾಗಕ್ಕೆ ಕೊಡಿ. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮಿದುಳು ಹೊಸದನ್ನು ಸಹಜವೆಂದು ಒಪ್ಪಿಕೊಳ್ಳುವಷ್ಟು ಸುಲಭವಾಗಿ ಮುಂದೆಂದೂ ಒಪ್ಪಿಕೊಳ್ಳುವುದಿಲ್ಲ. 1961ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದೆ ಬೇಲಿ ಹಾಕಿದ ಬಯಲಿನಲ್ಲಿ ಬೆಳೆಸಿದರು. ಕೆಲವನ್ನು ಎರಡು, ಮೂರು, ಐದು, ಏಳು, ಒಂಬತ್ತನೆಯ ವಾರಗಳಲ್ಲಿ ಒಂದೊಂದು ವಾರ ಮಾತ್ರ ಒಳಗೆ ತಂದು ಒಡನಾಡಿದರು. ಹದಿನಾಲ್ಕು ವಾರಗಳವರೆಗೆ ಮನುಷ್ಯರನ್ನೇ ಕಾಣದ ಮರಿಗಳು ಕಾಡುಪ್ರಾಣಿಗಳಂತೆ ದೂರ ಉಳಿದವು. ನಡುವಿನ ವಾರಗಳಲ್ಲಿ ಆ ಒಂದೇ ವಾರದ ಒಡನಾಟ ಎಷ್ಟು ದೊಡ್ಡ ವ್ಯತ್ಯಾಸ ಮಾಡಿತೆಂಬುದನ್ನು ಗಮನಿಸಿ. ನಮಗೆ ಸಿಗುವುದು ಒಂದಲ್ಲ, ಐದು ವಾರ.

ಆ ಐದು ವಾರಗಳಲ್ಲಿ ಮಾಡಬೇಕಾದದ್ದು ದುಬಾರಿಯದೇನಲ್ಲ. ಗಂಡಸರು, ಹೆಂಗಸರು, ಮಕ್ಕಳು, ಕೋಲು ಹಿಡಿದ ಅಜ್ಜ, ಹೆಲ್ಮೆಟ್ ಹಾಕಿದವರು, ಹೀಗೆ ಬಗೆಬಗೆಯ ಜನ ಮರಿಯನ್ನು ಮೆಲ್ಲನೆ ಎತ್ತಿಕೊಳ್ಳಲಿ. ಕಿವಿ, ಬಾಯಿ, ಪಾದ, ಉಗುರು ಮುಟ್ಟಿ ನೋಡಲಿ. ಅಪರಿಚಿತರ ಕೈಯನ್ನು ಒಲ್ಲದ ತಳಿಗೆ ಇದಕ್ಕಿಂತ ಬೆಲೆಬಾಳುವ ಪಾಠವಿಲ್ಲ. ಗೋಣಿಚೀಲ, ಮರಳು, ನುಣುಪಾದ ಟೈಲ್ಸ್, ಕಬ್ಬಿಣದ ಜಾಲರಿ, ಒಂದೆರಡು ಮೆಟ್ಟಿಲು ಕಾಲಿಗೆ ಪರಿಚಯವಾಗಲಿ. ಮಿಕ್ಸರ್, ಟ್ರ್ಯಾಕ್ಟರ್, ಪಟಾಕಿಯ ಸದ್ದು ಮೊದಲು ದೂರದಿಂದ, ಹೊಟ್ಟೆ ತುಂಬುವ ಹೊತ್ತಿನಲ್ಲಿ ಕೇಳಲಿ. ಮರಿ ಬಾಲ ಮಡಚಿ ಹಿಂದೆ ಸರಿದರೆ ಅಲ್ಲಿಗೆ ನಿಲ್ಲಿಸಿ. ಬಲವಂತವಾಗಿ ತಳ್ಳಿದರೆ ಧೈರ್ಯ ಬರುವುದಿಲ್ಲ, ಆ ಜಾಗದ ಭಯ ಉಳಿಯುತ್ತದೆ. ಎಂಟರಿಂದ ಹತ್ತನೆಯ ವಾರದ ಆಸುಪಾಸಿನಲ್ಲಿ ಮರಿಗಳು ವಿಶೇಷವಾಗಿ ಅಂಜುತ್ತವೆ, ಮರಿ ಮನೆ ಬದಲಿಸುವುದೂ ಅದೇ ಹೊತ್ತಿನಲ್ಲಿ. ಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಶೌಚದ ಅಭ್ಯಾಸವೂ ಇಲ್ಲಿಯೇ ಬೇರೂರುತ್ತದೆ. ಮೂರು ವಾರ ದಾಟಿದ ಮರಿ ಮಲಗುವ ಜಾಗದಿಂದ ತಾನಾಗಿಯೇ ದೂರ ಹೋಗಿ ಮೂತ್ರ ಮಾಡಲು ನೋಡುತ್ತದೆ. ಮಲಗಲು ಒಂದು ಕಡೆ, ಶೌಚಕ್ಕೆ ಇನ್ನೊಂದು ಕಡೆ ಜಾಗ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಕಾಲಡಿಯ ನೆಲ ಯಾವುದೋ ಅದನ್ನೇ ಮುಂದೆ ಹುಡುಕುವುದರಿಂದ ವೃತ್ತಪತ್ರಿಕೆಗಿಂತ ಮಣ್ಣಿನ ತಟ್ಟೆ ಮೇಲು ಎಂಬುದು ನನ್ನ ಅಭಿಪ್ರಾಯ. ಇಕ್ಕಟ್ಟಿನ ಪಂಜರದಲ್ಲಿ ತನ್ನ ಹೊಲಸಿನಲ್ಲೇ ಮಲಗಿ ಬೆಳೆದ ಮರಿಗೆ ಈ ಸಹಜ ಬುದ್ಧಿಯೇ ಕೆಟ್ಟುಹೋಗುತ್ತದೆ.

ಊಟದ ತಟ್ಟೆ ಇಡುವಾಗ ಪ್ರತಿ ಸಲ ಒಂದೇ ಕೂಗು ಹಾಕಿ. ವಾರದೊಳಗೆ ಮರಿಗಳು ಆ ಕೂಗಿಗೆ ಓಡಿ ಬರುತ್ತವೆ. ಮೊಲ ಕಂಡರೆ ಹಿಂದೆ ನೋಡದೆ ಓಡುವ ನಾಯಿಗೆ ಕರೆದಾಗ ಬರುವ ಪಾಠವನ್ನು ಇಷ್ಟು ಬೇಗ ಶುರು ಮಾಡುವುದೇ ಒಳ್ಳೆಯದು. ಆರನೆಯ ವಾರದಿಂದ ಪ್ರತಿ ಮರಿಯನ್ನೂ ದಿನಕ್ಕೆ ಕೆಲವು ನಿಮಿಷ ಒಡಹುಟ್ಟಿದವುಗಳಿಂದ ಬೇರೆ ಇಟ್ಟು ಆಡಿಸಿ.

ಎಂಟು ವಾರವೇ ಏಕೆ?

ಹಾಲು ಬಿಟ್ಟ ತಕ್ಷಣ, ತಿಂಗಳಿಗೇ ಮರಿ ಕೊಡುವವರಿದ್ದಾರೆ. 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಿಯಮದ ಹಿಂದಿನ ಕಾರಣ ಮರಿಗಳ ಆಟದಲ್ಲಿದೆ. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ; ಮೊಲೆ ಕಚ್ಚಿದರೆ ತಾಯಿ ಎದ್ದು ಹೋಗುತ್ತಾಳೆ. ಹಲ್ಲಿನ ಬಲವನ್ನು ಅಳೆದು ಬಳಸಲು ಮರಿ ಕಲಿಯುವುದು ಹೀಗೆ, ಮನುಷ್ಯರು ಇದನ್ನು ಇಷ್ಟು ಚೆನ್ನಾಗಿ ಕಲಿಸಲಾರರು. ಇಟಲಿಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 30ರಿಂದ 40 ದಿನಗಳಿಗೇ ತಾಯಿಯಿಂದ ಬೇರೆಯಾದ ನಾಯಿಗಳಲ್ಲಿ ಎರಡು ತಿಂಗಳಿಗೆ ಬೇರೆಯಾದವುಗಳಿಗಿಂತ ಹೆಚ್ಚು ಭಯ, ಅತಿಯಾದ ಬೊಗಳುವಿಕೆ, ವಸ್ತುಗಳನ್ನು ಹಾಳುಮಾಡುವ ಗುಣ ಕಂಡುಬಂದವು.

ಲಸಿಕೆಯ ಕುರಿತು ಗೊಂದಲ ಬೇಡ. ತಾಯಿಯಿಂದ ಬಂದ ರೋಗನಿರೋಧಕ ಅಂಶಗಳು, ಅಂದರೆ ಪ್ರತಿಕಾಯಗಳು, ಮೊದಲ ಲಸಿಕೆಯನ್ನು ಕೆಲಸ ಮಾಡಗೊಡದೆ ಇರಬಹುದು. ಅದಕ್ಕಾಗಿಯೇ ಆರರಿಂದ ಎಂಟನೆಯ ವಾರಕ್ಕೆ ಶುರುಮಾಡಿ ಹದಿನಾರನೆಯ ವಾರದವರೆಗೆ ಮತ್ತೆ ಮತ್ತೆ ಕೊಡುತ್ತಾರೆ. ಅಷ್ಟರಲ್ಲಿ ಕಲಿಕೆಯ ಕಾಲ ಮುಗಿದಿರುತ್ತದೆ. ಹಾಗಾಗಿ ಪಾರ್ವೋ ಎಂಬ ಮಾರಕ ಸೋಂಕುರೋಗದ ಭಯಕ್ಕೆ ಮರಿಯನ್ನು ಕೋಣೆಯಲ್ಲಿ ಬಚ್ಚಿಡದೆ, ಬೀದಿಯ ನೆಲಕ್ಕೆ ಬಿಡದೆ ತೋಳಿನಲ್ಲಿ ಎತ್ತಿಕೊಂಡು ಸಂತೆ, ಬಸ್ ನಿಲ್ದಾಣ ತೋರಿಸಿ ಬರಬೇಕು.

ಕೊಡುವ ದಿನ ಬೆಳಿಗ್ಗೆಯೇ ಕೊಡಿ, ಕತ್ತಲಾಗುವ ಮುನ್ನ ಮರಿಗೆ ಹೊಸ ಮನೆಯ ಮೂಲೆಗಳು ಗೊತ್ತಾಗುತ್ತವೆ. ಲಸಿಕೆ ಚೀಟಿಯ ಜೊತೆಗೆ ಒಂದು ವಾರಕ್ಕಾಗುವಷ್ಟು ಅದೇ ಆಹಾರ, ಕರೆಯುತ್ತಿದ್ದ ಕೂಗು ಯಾವುದೆಂಬ ಮಾಹಿತಿ, ತಾಯಿಯ ಮೈಗೆ ತಾಗಿದ ಹಳೆಯ ಸೀರೆಯ ತುಂಡು ಇರಲಿ. ಆ ಬಟ್ಟೆಯನ್ನು ಮೊದಲ ರಾತ್ರಿಗಿಂತ ಮುಂಚೆ ಒಗೆಯಬಾರದೆಂದು ತಪ್ಪದೆ ಹೇಳಿ.